ಬೆಣ್ಣೆ ಬಿದ್ದ ಗೋಡೆ

ಅಪ್ಪಾ,

ಇವತ್ತು ನನ್ನ ತಪಾಸಣೆ ಇತ್ತು. ನೀನು ಹಾರ್ಟ್ ಅಟ್ಯಾಕಲ್ಲಿ ಹೋದೆ ಅಂತ ಡಾಕ್ಟರಿಗೆ ಹೇಳಿದೆ. "ಕೊಲೆಸ್ಟ್ರಾಲ್ ಒಂದೇ ಅಲ್ಲ, ಮೈಯೊಳಗಿನ ಉರಿಯೂತವೂ ರಕ್ತನಾಳ ಕೆಡಿಸುತ್ತೆ. ಅವರಿಗೆ ಕೀಲುಬಾವು ಇತ್ತಾ?" ಅಂದರು ಡಾಕ್ಟರು.

ಪೈಪ್ ರಿಪೇರಿ ಮಾಡೋನ ಬುದ್ಧಿ ನಂದು. ನಿನ್ನ ರಕ್ತನಾಳದಲ್ಲೂ ಜಿಡ್ಡು ಕಟ್ಟಿಕೊಂಡಿದೆ ಅಷ್ಟೇ ಅಂದುಕೊಂಡು ನಿನ್ನ ತಟ್ಟೆಯ ಬೆಣ್ಣೆ ಕಿತ್ತು ಗೋಡೆಗೆ ಎಸೆದೆ. ಬೆರಳು ಬೆಂಕಿಯಾಗಿದೆ ಕಣೋ, ಮಾತ್ರೆ ಕೊಡಿಸು ಅಂತ ನೀನು ಅಂದರೆ, "ಕಳ್ಳಾಟ ಬಿಡು" ಅಂತ ಗದರಿದೆ.

ಮನೆಗೆ ಬಂದವನೇ ಆ ಗೋಡೆಗೆ ಗುದ್ದಿದೆ, ಅಮ್ಮ ಚೀರಿ ಎಳೆಯೋವರೆಗೂ ಗುದ್ದಿದೆ. ಜಿಡ್ಡಿನ ಕಲೆ ಮೇಲೆ ಈಗ ನನ್ನ ರಕ್ತ.

ಗೆಣ್ಣು ಊದಿ ಬೆರಳು ಮಡಚೋಕಾಗ್ತಿಲ್ಲ. ಎರಡೂ ಅಂಗೈ ಮಧ್ಯೆ ಪೆನ್ನು ಹಿಡಿದು ಬರೀತಿದ್ದೀನಿ. ನೀನು ಚಮಚ ಹೀಗೇ ಹಿಡೀತಿದ್ದೆ. ನಾನು ನಕ್ಕಿದ್ದೆ.