ಬಿಳಿ ಕ್ರೇಪ್ ಹೂವಿನ ಕಿರೀಟ

ತ್ರಿಪ್ಪುಣಿತ್ತುರ
೭ ಮೇ ೨೦೨೫

ಪ್ರೀತಿಯ ಸುಮಿತ್ರಕ್ಕಾ,

ನಿನ್ನ ಮಂಡಿ ನೋವು ಈಗ ಹೇಗಿದೆ? ಕ್ವಾರ್ಟರ್ಸಿನ ಮಹಡಿ ಮೆಟ್ಟಿಲು ಹತ್ತಿ ಇಳಿಯುವುದನ್ನು ಕಡಿಮೆ ಮಾಡು ಎಂದರೆ ನೀನು ಕೇಳುವವಳಲ್ಲ. ಭಾವ ರಾಕೆಟ್ ಕೆಲಸದ ಗಡಿಬಿಡಿ ಮುಗಿಸಿ ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುತ್ತಿದ್ದಾರೆಯೇ? ತಿರುವನಂತಪುರದಲ್ಲೂ ಇದೇ ಸೆಕೆ ಇರಬೇಕು. ದಿನಾ ಫೋನ್ ಮಾಡುವವಳು ಕಾಗದವೇಕೆ ಬರೆದಳು ಎಂದು ಗಾಬರಿಯಾಗಬೇಡ. ಮೇಧಾ ನಮಗೆ ಮಲಯಾಳದಲ್ಲೇ ಉತ್ತರ ಕೊಟ್ಟರೂ ನಾವಾಡುವ ಕನ್ನಡ ಅವಳಿಗೆ ಪೂರಾ ಅರ್ಥವಾಗುತ್ತದೆ. ಓದಲು ಮಾತ್ರ ಬರುವುದಿಲ್ಲ. ಈ ಪುಟ್ಟ ಫ್ಲ್ಯಾಟಿನಲ್ಲಿ ಮಗಳ ಕಿವಿಗೆ ಬೀಳದಂತೆ ಮಾತಾಡಲು ಜಾಗವಿಲ್ಲ.

ನನ್ನ ಕಾಗದದ ಹೂವಿನ ಹುಚ್ಚು ನಿನಗೆ ಗೊತ್ತೇ ಇದೆ. ನಿನಗೆ ಕಳಿಸಿದ ದಾಸವಾಳಕ್ಕೆ ನಿಮ್ಮ ಪಕ್ಕದ ಮನೆಯವರು ನೀರು ಚಿಮುಕಿಸಿದ್ದರಲ್ಲ, ಎಷ್ಟು ನಕ್ಕಿದ್ದೆವು! ಕೆಳಗಿನ ಮನೆಯ ಜೋಸೆಫ್ ಚೇಟ್ಟನ್ ಅವರ ಮೊಮ್ಮಗಳಿಗೆ ಮೊನ್ನೆ ಭಾನುವಾರ ಚರ್ಚಿನಲ್ಲಿ ಮೊದಲ ಪರಮಪ್ರಸಾದದ ದಿನ, ಫಸ್ಟ್ ಕಮ್ಯೂನಿಯನ್ ಅನ್ನುತ್ತಾರಲ್ಲ ಅದು. ಅವಳಿಗೊಂದು ಬಿಳಿ ಹೂವಿನ ಕಿರೀಟ ಬೇಕೆಂದರು, ಖುಷಿಯಿಂದ ಒಪ್ಪಿಕೊಂಡೆ. ಕ್ರೇಪ್ ಕಾಗದದ ಸುಕ್ಕು ಉದ್ದಕ್ಕೆ ಬರುವಂತೆ ಎಸಳು ಕತ್ತರಿಸಿ, ನಡುವೆ ಹೆಬ್ಬೆರಳಿನಿಂದ ಮೆಲ್ಲಗೆ ಹಿಗ್ಗಿಸಿದರೆ ಬಟ್ಟಲಿನಂತೆ ನಿಲ್ಲುತ್ತದೆ. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ. ಈ ಸಲ ಎಸಳು ಹರಿಯಿತು. ಇನ್ನೊಂದು ತೆಗೆದುಕೊಂಡೆ, ಅದೂ ಹರಿಯಿತು. ತಂತಿಗೆ ಹಸಿರು ಟೇಪ್ ಸುತ್ತಲು ಬೆರಳು ಒಪ್ಪಲಿಲ್ಲ. ಸುಧಾರಿಸಿಕೊಳ್ಳೋಣವೆಂದು ಕೈಯನ್ನು ಮಡಿಲಲ್ಲಿಟ್ಟುಕೊಂಡರೆ, ಪಕ್ಕದಲ್ಲಿ ಕೂತು ನೋಡುತ್ತಿದ್ದ ಜೋಸೆಫರ ಹೆಂಡತಿ, "ಇಂದೂ, ಕೈ ವಿರಯ್ಕ್ಕುನ್ನುಂಡಲ್ಲೋ" ಎಂದರು. ಕೈ ನಡುಗುತ್ತಿದೆಯಲ್ಲ ಎಂದು! ನೋಡಿದರೆ ನನ್ನ ಬಲಗೈಯ ಹೆಬ್ಬೆರಳು ತೋರುಬೆರಳ ಮೇಲೆ ತಾನಾಗಿ ಬತ್ತಿ ಹೊಸೆಯುತ್ತಿತ್ತು. ಸೆಕೆಗೆ ಸುಸ್ತಾಗಿದೆ ಎಂದು ಸುಳ್ಳು ಹೇಳಿದೆ.

ಅಕ್ಕಾ, ಅಪ್ಪನೂ ಕುರ್ಚಿಯಲ್ಲಿ ಕೂತು ಹೀಗೇ ಅಲ್ಲವೇ ಇಲ್ಲದ ಬತ್ತಿ ಹೊಸೆಯುತ್ತಿದ್ದದ್ದು? ಕೊನೆಯ ಆರು ವರ್ಷ ತವರಿನಲ್ಲೇ ಉಳಿದು ಅವರಿಗೆ ಅನ್ನ ತಿನ್ನಿಸಿದವಳು ನೀನು. ನಾನು ಮೈಸೂರಿಗೆ ಬಂದರೂ ಅವರ ಕೈಯ ಚಮಚ ನೋಡಲಾರದೆ ಅಡುಗೆಮನೆ ಸೇರುತ್ತಿದ್ದೆ. "ಇಂದೂಗೆ ಹೇಳ್ಬೇಡ, ಹೆದರ್ಕೋತಾಳೆ" ಎಂದು ಅಪ್ಪ ಹೇಳಿದ್ದರಂತೆ. ಸರಿಯಾಗಿಯೇ ಹೇಳಿದ್ದರು. ಆ ನಡುಕದ ರೋಗ ಶುರುವಾದದ್ದು ಹೇಗೆಂದು ನಾನು ಒಂದು ದಿನವೂ ಕೇಳಲಿಲ್ಲ.

ಉಳಿದ ಹೂಗಳನ್ನು ಮೇಧಾ ಮಾಡಿದಳು. "ಇಂಗ್ ತಾ ಅಮ್ಮೇ, ಞಾನ್ ಚೆಯ್ಯಾಂ" ಎಂದು, ತಾನೇ ಮಾಡುತ್ತೇನೆಂದು ತಂತಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕಿರೀಟ ಚೆನ್ನಾಗಿ ಬಂತು, ಚರ್ಚಿನಲ್ಲಿ ಎಲ್ಲರೂ ಹೊಗಳಿದರು. ನಾನು ಮಾತ್ರ ಪಕ್ಕದಲ್ಲಿ ನಿಂತ ಮಗಳ ಬೆರಳುಗಳನ್ನೇ ನೋಡುತ್ತಿದ್ದೆ. ಅಪ್ಪನಿಂದ ನನಗೆ ಬಂದಿದ್ದರೆ, ನನ್ನಿಂದ ಅವಳಿಗೆ? ಅಂದಿನಿಂದ ಕಾಗದದ ಸುರುಳಿಗಳನ್ನು ಅಟ್ಟಕ್ಕೆ ಹಾಕಿದ್ದೇನೆ. ಇವರು ಕೆಲಸದಿಂದ ಬಂದಾಗ ಬಲಗೈಯನ್ನು ದಿಂಬಿನ ಕೆಳಗಿಟ್ಟು ಕೂರುತ್ತೇನೆ.

ಭಾವನಿಗೆ ನಮಸ್ಕಾರ ತಿಳಿಸು. ಮಗ ಧ್ರುವನ ಪರೀಕ್ಷೆ ಚೆನ್ನಾಗಿ ಆಗಲಿ, ದೇವರು ಒಳ್ಳೆಯದು ಮಾಡಲಿ.

ನಿನ್ನ ತಂಗಿ,
ಇಂದುಮತಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸುವವಳಿದ್ದೆ. ಮೊನ್ನೆ ಸೋಮವಾರ ಇಲ್ಲೇ ಒಂದು ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರಿಗೆ ಟೋಕನ್ ತೆಗೆದುಕೊಂಡು ಕೂತಿದ್ದೆ. ನರ್ಸ್ ನನ್ನ ಹೆಸರು ಕೂಗಿದಳು. ಎದ್ದು ನೇರ ಆಟೋ ಹತ್ತಿ ಮನೆಗೆ ಬಂದುಬಿಟ್ಟೆ. ಬರುವ ಬುಧವಾರ ಹನ್ನೊಂದಕ್ಕೆ ನಿಮ್ಮೂರಿನ ನರರೋಗದ ಡಾಕ್ಟರ ಬಳಿ ಹೆಸರು ಬರೆಸಿದ್ದೇನೆ. ಮನೆಯಲ್ಲಿ ಅಕ್ಕನನ್ನು ನೋಡಿ ಬರುತ್ತೇನೆ ಎಂದಷ್ಟೇ ಹೇಳಿದ್ದೇನೆ. ನೀನು ಜೊತೆಗೆ ಬಾ. ಹೆಸರು ಕೂಗಿದಾಗ ನಾನು ಏನೇ ಹೇಳಿದರೂ ಕೇಳಬೇಡ, ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗು.