ಬಸಳೆ ಚಪ್ಪರದ ಬುಟ್ಟಿ ಮತ್ತು ನಿಮ್ಮ ನೋಟೀಸು

ನೋಟೀಸು ಕಟ್ಟಿಸಿ ಹೋದ ಮಾನ್ಯ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳೇ,

ಇವತ್ತು ಬೆಳಿಗ್ಗೆ ನೀರು ಹಾಕಲು ಹೋದಾಗ ನೋಡಿದೆ. ನಮ್ಮ ತೋಟದ ಚಪ್ಪರದ ಕಂಬಕ್ಕೆ ನಿಮ್ಮ ಕಚೇರಿಯವರು ತಂತಿಯಲ್ಲಿ ಬಿಗಿದು ಹೋದ ನೋಟೀಸಿನ ಮೇಲೆ ಬಸಳೆಯ ಕುಡಿಯೊಂದು ಸುತ್ತಿಕೊಂಡು ಬಂದಿದೆ. ಅದರ ಒಂದು ಎಲೆ ಸರಿಯಾಗಿ ನಿಮ್ಮ ಮೊಹರಿನ ಮೇಲೆ ಬಿಚ್ಚಿಕೊಂಡಿದೆ. ನಾವು ನೋಟೀಸನ್ನು ಹರಿದಿಲ್ಲ, ತೆಗೆದಿಲ್ಲ, ವಿರೂಪಗೊಳಿಸಿಲ್ಲ. ಬಸಳೆ ಮಾಡಿದ್ದಕ್ಕೆ ನಾವು ಹೊಣೆಯಲ್ಲ ಎಂಬುದನ್ನು ಮೊದಲಿಗೇ ತಿಳಿಸಿಬಿಡುತ್ತೇನೆ.

ಹಳೆಯ ನೀರಿನ ಟ್ಯಾಂಕಿಯ ಹಿಂದಿನ ಪಂಚಾಯತ್ ಜಾಗದಲ್ಲಿ ನಾವು ಪರವಾನಗಿ ಇಲ್ಲದೆ "ತರಕಾರಿ, ಮೀನು ಹಾಗೂ ಇತರೆ ವಸ್ತುಗಳ ವಿನಿಮಯ ವ್ಯಾಪಾರ" ನಡೆಸುತ್ತಿದ್ದೇವೆ ಎನ್ನುತ್ತದೆ ನಿಮ್ಮ ನೋಟೀಸು. ವ್ಯಾಪಾರ ಅಲ್ಲ, ದಾನ ಎನ್ನುವುದಾದರೆ ಫಲಾನುಭವಿಗಳ ಪಟ್ಟಿಯನ್ನು ಹೆಸರು, ಮನೆ ನಂಬರು, ಸಹಿಯೊಂದಿಗೆ ಕೊಡಬೇಕಂತೆ. ಎರಡೂ ಅಲ್ಲದಿದ್ದರೆ "ಸಂಬಂಧಪಟ್ಟವರು" ಬರುವ ಶುಕ್ರವಾರದ ಗ್ರಾಮಸಭೆಗೆ ಖುದ್ದಾಗಿ ಹಾಜರಾಗಿ ವಿವರಣೆ ಕೊಡಬೇಕಂತೆ. ಯಾರೂ ಬಾರದಿದ್ದರೆ ಚಪ್ಪರ ತೆರವುಗೊಳಿಸಿ, ಇಂಟರ್‌ಲಾಕ್ ಇಟ್ಟಿಗೆ ಹಾಸಿ, ಎರಡು ಫೈಬರ್ ಜಿಂಕೆಗಳನ್ನು ನಿಲ್ಲಿಸಿ "ಅಲಂಕಾರಿಕ ಉದ್ಯಾನ" ಮಾಡಲಾಗುವುದಂತೆ. ತೋಟವನ್ನು ಕಿತ್ತು ಉದ್ಯಾನ ಮಾಡುವ ಈ ಯೋಜನೆಯ ಮುಂದಾಲೋಚನೆಯನ್ನು ನಾನು ಮೆಚ್ಚದೆ ಇರಲಾರೆ. ಜಿಂಕೆಗಳು ಫೈಬರಿನವು ಆದ್ದರಿಂದ ಅವು ಹರಿವೆ ತಿನ್ನುವುದಿಲ್ಲ. ಹರಿವೆಯೂ ಇರುವುದಿಲ್ಲ. ಎಲ್ಲವೂ ಒಂದಕ್ಕೊಂದು ಹೊಂದುತ್ತದೆ.

ಜಾಗ ಪಂಚಾಯತಿನದು, ಒಪ್ಪಿದೆ. ಆದರೆ ಆ ಜಾಗ ಮೊದಲು ಹೇಗಿತ್ತು ಎಂಬುದು ತಮ್ಮ ಕಡತದಲ್ಲಿ ಇದೆಯೋ ಇಲ್ಲವೋ ತಿಳಿಯದು. ಮೀನು ತುಂಬಿ ಬಂದ ಥರ್ಮಾಕೋಲ್ ಪೆಟ್ಟಿಗೆಗಳು, ಹರಿದ ಬಲೆ, ಮದುವೆ ಮನೆಗಳ ಪ್ಲಾಸ್ಟಿಕ್ ಲೋಟ, ಬಾಟಲಿ ಎಲ್ಲವೂ ಅಲ್ಲಿಗೇ ಬಂದು ಬೀಳುತ್ತಿದ್ದವು. ಮಳೆಗಾಲದಲ್ಲಿ ಅದರ ಮೇಲೆ ಎದೆಮಟ್ಟ ಗಿಡ ಬೆಳೆದು ಕಸ ಕಾಣದಂತಾಗುತ್ತಿತ್ತು. ಸ್ವಚ್ಛತೆಯ ದೃಷ್ಟಿಯಿಂದ ಅದೂ ಒಂದು ಉಪಾಯ. ಆಗ ಯಾವ ಕಂಬಕ್ಕೂ ನೋಟೀಸು ಬರಲಿಲ್ಲ. ಆಗ "ಸಂಬಂಧಪಟ್ಟವರು" ಯಾರು ಎಂದು ಯಾರಾದರೂ ಕೇಳಿದ್ದರೇ?

ಕೇಳದೆಯೇ ಬಂದವರು ಶ್ರೀಲತಾ ಟೀಚರ್. ಪಕ್ಕದ ಅಂಗನವಾಡಿಯವರು. ಮಕ್ಕಳ ಊಟಕ್ಕೆ ಒಂದಿಷ್ಟು ಸೊಪ್ಪಾದರೂ ಆಗಲಿ ಎಂದು ಒಂದು ಮೂಲೆ ಕೆರೆದು ಹರಿವೆ ಬೀಜ ಚೆಲ್ಲಿದರು. ಮುಂಬಯಿಯ ಕ್ಯಾಂಟೀನಿನಲ್ಲಿ ಅರ್ಧ ಆಯುಷ್ಯ ಕಳೆದು ಊರಿಗೆ ಬಂದ ಪಾಂಡಣ್ಣ ಅದನ್ನು ನೋಡಿ, ಟೀಚರು ಹಾರೆ ಹಿಡಿಯುವ ಚಂದಕ್ಕೆ ಬೈದು, ಹಾರೆ ಕಸಿದುಕೊಂಡು ತಾವೇ ಅಗೆದರು. ಕಸದಲ್ಲಿ ಸಿಕ್ಕಿದ ಹರಿದ ಬಲೆಯನ್ನೇ ಕಂಬಗಳ ಮೇಲೆ ಎಳೆದು ಕಟ್ಟಿ ಬಸಳೆಗೆ ಚಪ್ಪರ ಮಾಡಿದರು. ಗಂಗೊಳ್ಳಿಯಿಂದ ಮೀನು ತಂದು ಮನೆಮನೆಗೆ ಮಾರುವ ಬೆಳ್ಳಿಯಕ್ಕ ಮೀನಿನ ತಲೆ, ಬಾಲ ತಂದು ಗುಂಡಿಗೆ ಹಾಕಿ ಗೊಬ್ಬರ ಮಾಡಿದರು. ಬೆಂಡೆ, ಅಲಸಂಡೆಯ ಬೀಜ ಬ್ರಹ್ಮಾವರದ ಕೃಷಿ ಕೇಂದ್ರದಿಂದ ಬಂತು.

ನಾನು ಬಂದದ್ದು ಕೊನೆಗೆ. ಕುಂದಾಪುರದಲ್ಲಿ ಸಾಹಿತ್ಯ ಓದಿ ಪದವಿ ಮುಗಿಸಿ ಮನೆಯಲ್ಲಿದ್ದೆ. ರಸ್ತೆಗೆ ಇಳಿದರೆ "ಈಗ ಎಂತ ಮಾಡ್ತಿದ್ದೆ?" ಎಂದು ಕೇಳುವವರು; ಗಿಡಗಳು ಹಾಗೆ ಕೇಳುವುದಿಲ್ಲ. ನಾನು ಮೊದಲ ದಿನ ಕಳೆ ಕೀಳಲು ಕೂತದ್ದು ಸಮಾಜಸೇವೆಗಲ್ಲ, ಬಚ್ಚಿಟ್ಟುಕೊಳ್ಳಲು.

ಇನ್ನು ತಾವು ಆಕ್ಷೇಪಿಸಿರುವ ಬುಟ್ಟಿಯ ವಿಷಯ. ಮಳೆಗಾಲದಲ್ಲಿ ಬೋಟುಗಳು ದಡ ಸೇರಿ ಕೂರುವಾಗ, ಘಟ್ಟದ ಮೇಲಿನಿಂದ ಬರುವ ತರಕಾರಿಯ ದರ ಕೇಳಿಯೇ ಜನ ಮುಂದಿನ ಅಂಗಡಿಗೆ ನಡೆಯುವಾಗ, ನಮ್ಮಲ್ಲಿ ಹರಿವೆ ತಿಂದು ಮುಗಿಯದಷ್ಟು ಬಂತು. ನೆರೆಕರೆಗೆ ಹಂಚೋಣ ಎಂದು ತೀರ್ಮಾನವಾಯಿತು. ಟೀಚರು ಹೇಳಿದಂತೆ ನಾನು ಒಂದು ಹಲಗೆಯ ಮೇಲೆ ಚಂದದ ಅಕ್ಷರದಲ್ಲಿ "ಅಗತ್ಯವಿರುವವರಿಗೆ ಉಚಿತ ತರಕಾರಿ" ಎಂದು ಬರೆದೆ. ಮೇಜು ಹಾಕಿ ಕೂತೆವು. ಸಂಜೆಯವರೆಗೆ ಬಂದದ್ದು ಒಂದು ದನ. ಜನ ಹೋಗುತ್ತಿದ್ದರು, ನೋಡುತ್ತಿದ್ದರು, ನಗುತ್ತಿದ್ದರು, "ಲಾಯ್ಕ್ ಬೆಳೆ" ಎನ್ನುತ್ತಿದ್ದರು. ಒಬ್ಬರೂ ಕೈ ಹಾಕಲಿಲ್ಲ. ಮಾರಿ ಉಳಿದ ಒಣಮೀನಿನ ಬುಟ್ಟಿ ಹೊತ್ತು ಬಸ್ಸಿಳಿದ ಬೆಳ್ಳಿಯಕ್ಕ ಹಲಗೆಯಲ್ಲಿ ಏನು ಬರೆದಿದೆ ಎಂದು ನನ್ನಿಂದ ಓದಿಸಿಕೊಂಡರು.

"ಎಂತ ಬರ್ದದ್ ಹೆಣೆ ಇದ್?" ಎಂದರು. "ಇದ್ರ್ ಮುಂದೆ ನಿಂತ್ಕಂಡ್ ಸೊಪ್ಪ್ ತಕಂಡ್ರೆ, ನಾಳಿಗ್ ಊರಿಡೀ 'ಅವ್ರಿಗೆ ಉಂಬುಕೆ ಗತಿ ಇಲ್ಲೆ' ಅಂಬ್ರ್. ನೀ ಆರೆ ತಕಂತ್ಯಾ?"

ನಾನಾದರೆ ತೆಗೆದುಕೊಳ್ಳುತ್ತಿರಲಿಲ್ಲ. "ಅಗತ್ಯವಿರುವವರಿಗೆ" ಎಂಬ ಪದವನ್ನು ಅಷ್ಟು ಗುಂಡಗೆ ಬರೆದವಳು ನಾನೇ. ಮರುದಿನ ಮೇಜಿನ ಹತ್ತಿರ ಕೂರುವ ಸರದಿ ನನ್ನದಾಗಿತ್ತು. ಯಾರಾದರೂ ಬಂದು ಮಾತಾಡಿಸಿದರೆ ಎಂಬ ಹೆದರಿಕೆಯಲ್ಲಿ ನಾನು ಹಲಗೆ ಒಳಗಿಟ್ಟೆ, ಬುಟ್ಟಿಯನ್ನು ಚಪ್ಪರದ ಕೆಳಗೆ ಬಿಟ್ಟೆ, ಬಸಳೆಯ ಹಿಂದೆ ಹೋಗಿ ಕೂತೆ. ಅಷ್ಟೇ. ಕತ್ತಲಾಗುವ ಮೊದಲು ಬುಟ್ಟಿ ಖಾಲಿಯಾಗಿತ್ತು. ಕೊಡುವವರ ಮುಖ ಇಲ್ಲದ ಕಡೆ ತೆಗೆದುಕೊಳ್ಳುವವರಿಗೆ ಸುಲಭ. ಇದನ್ನು ನಾನು ಯೋಚಿಸಿ ಕಂಡುಹಿಡಿದೆ ಎಂದು ಹೇಳಿಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ ಇದು ನಾಚಿಕೆಯಿಂದ ಆದದ್ದು.

ಆಮೇಲೆ ನಡೆದದ್ದೇ ತಮ್ಮ ಕಣ್ಣಿಗೆ ವ್ಯಾಪಾರವಾಗಿ ಕಂಡಿದೆ. ಮಾರನೆಯ ಬೆಳಿಗ್ಗೆ ಬುಟ್ಟಿಯಲ್ಲಿ ಒಂದು ಸುಲಿದ ತೆಂಗಿನಕಾಯಿ ಇತ್ತು. ಅದರ ಮರುದಿನ ನಿಂಬೆಹಣ್ಣು. ಒಂದು ದಿನ ಬಾಳೆಲೆಯಲ್ಲಿ ಕಟ್ಟಿದ ಒಣ ಸಿಗಡಿ, ಬಸಳೆಗೆ ಅದೇ ಸರಿ ಎಂದು ಇಟ್ಟವರಿಗೆ ಗೊತ್ತಿತ್ತು. ಮೀನು ಬರತೊಡಗಿದ ಮೇಲೆ, ಟೀಚರ ಮನೆಯಲ್ಲಿ ಮೀನು ತಿನ್ನುವುದಿಲ್ಲವಾದ್ದರಿಂದ, ಪಾಂಡಣ್ಣ ಪಕ್ಕದಲ್ಲೊಂದು ಮುಚ್ಚಳದ ಅಲ್ಯೂಮಿನಿಯಂ ಪಾತ್ರೆ ತೂಗುಹಾಕಿದರು. ತಮ್ಮ ನೋಟೀಸು ಇದನ್ನು "ಎರಡು ವಿಭಾಗಗಳುಳ್ಳ ಮಾರಾಟ ವ್ಯವಸ್ಥೆ" ಎಂದು ಕರೆದಿದೆ. ಪಾಂಡಣ್ಣ ಆ ಸಾಲನ್ನು ಮತ್ತೆ ಮತ್ತೆ ಗಟ್ಟಿಯಾಗಿ ಓದಿ ಬಹಳ ಸಂತೋಷಪಟ್ಟರು. ಮುಂಬಯಿಯಲ್ಲಿ ಅಷ್ಟು ವರ್ಷ ದುಡಿದರೂ ಅವರಿಗೆ ಎರಡು ವಿಭಾಗದ ಅಂಗಡಿ ಹಾಕಲು ಆಗಿರಲಿಲ್ಲ.

ಮಾನ್ಯರೇ, ತಾವೂ ಈ ಕರಾವಳಿಯವರೇ ಎಂದು ಕೇಳಿದ್ದೇನೆ. ತಮ್ಮ ಮನೆಗೆ ಪಕ್ಕದ ಮನೆಯಿಂದ ಪಾಯಸ ಬಂದ ಪಾತ್ರೆಯನ್ನು ತಮ್ಮ ತಾಯಿಯವರು ತೊಳೆದು ಬರಿದಾಗಿ ಹಿಂದೆ ಕಳಿಸಿದ್ದುಂಟೇ? ಏನೂ ಇಲ್ಲದಿದ್ದರೆ ನಾಲ್ಕು ಹೂವು, ಒಂದು ತುಂಡು ಬೆಲ್ಲವನ್ನಾದರೂ ಹಾಕಿ ಕಳಿಸಿರಲಿಲ್ಲವೇ? ಆ ಬೆಲ್ಲಕ್ಕೆ ಅವರು ಪರವಾನಗಿ ಪಡೆದಿದ್ದರೇ? ಪಾಯಸದ ಫಲಾನುಭವಿ ಎಂದು ತಮ್ಮ ಸಹಿ ತೆಗೆದುಕೊಂಡವರು ಯಾರು? ವ್ಯಾಪಾರವೋ ದಾನವೋ, ಒಂದನ್ನು ಆರಿಸಿ ಎನ್ನುತ್ತೀರಿ. ಊರಿನ ಅರ್ಧ ಬದುಕು ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅದಕ್ಕೆ ನೆರೆಕರೆ ಎನ್ನುತ್ತಾರೆ. ತಮ್ಮ ತಂತ್ರಾಂಶದಲ್ಲಿ ಅದಕ್ಕೆ ಕಾಲಂ ಇಲ್ಲದಿದ್ದರೆ ತಪ್ಪು ಬಸಳೆಯದಲ್ಲ.

ಪಟ್ಟಿಯ ಬಗ್ಗೆ ಮಾತ್ರ ನಗದೆ ಹೇಳುತ್ತೇನೆ. ಒಂದು ಮುಸ್ಸಂಜೆ ನಾನು ಚಪ್ಪರದ ಹಿಂದೆ ಇದ್ದೆ. ಒಬ್ಬ ಹೆಂಗಸು ಬಂದರು. ಆಚೆ ಈಚೆ ನೋಡಿದರು. ಹರಿವೆಯ ಎರಡು ಕಟ್ಟು ಎತ್ತಿಕೊಂಡು ಗೇಟಿನವರೆಗೆ ಹೋದವರು ತಿರುಗಿ ಬಂದು, ಒಂದನ್ನು ಬುಟ್ಟಿಯಲ್ಲಿ ವಾಪಸ್ಸು ಇಟ್ಟು, ಅದರ ಮೇಲೆ ಒದ್ದೆ ಬಟ್ಟೆಯನ್ನು ಮೊದಲಿದ್ದಂತೆಯೇ ಹೊದಿಸಿ ಹೋದರು. ಕೆಲವು ದಿನ ಕಳೆದು ಬುಟ್ಟಿಯ ಪಕ್ಕದಲ್ಲಿ ಒಂದು ಹೊಸ ಹಿಡಿಸೂಡಿ ಒರಗಿತ್ತು. ತೆಂಗಿನ ಗರಿಕಡ್ಡಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ತಲೆಯ ಹತ್ತಿರ ಬಿಗಿಯಾಗಿ ಹೆಣೆದದ್ದು. ಅಂಥ ಹಿಡಿಸೂಡಿ ಕಟ್ಟುವವರು ನಮ್ಮಲ್ಲಿ ಮನೆಮನೆಯಲ್ಲೂ ಇದ್ದಾರೆ, ಆದ್ದರಿಂದ ದಯವಿಟ್ಟು ಹುಡುಕಲು ಹೋಗಬೇಡಿ. ನೋಟೀಸಿಗೆ ಲಗತ್ತಿಸಿದ ತಮ್ಮ ಕಚೇರಿಯ ಫೋಟೋದಲ್ಲಿ ಆ ಹಿಡಿಸೂಡಿಯೂ ಬಂದಿದೆ. "ಇತರೆ ವಸ್ತುಗಳು" ಎಂದರೆ ಅದೇ. ನಾವು ತೋಟ ಗುಡಿಸುವುದು ಅದರಲ್ಲಿ. ನಾಳೆ ಆ ಬುಟ್ಟಿಯ ಹತ್ತಿರ ನಾವು ಪುಸ್ತಕ, ಪೆನ್ನು ಇಟ್ಟರೆ ಆ ಹೆಂಗಸು ಮತ್ತೆ ಬರುತ್ತಾರೆಯೇ? ಒಂದು ಕಟ್ಟು ಸೊಪ್ಪಿಗಾಗಿ ಸಹಿ ಹಾಕುತ್ತಾರೆಯೇ? ಬರುವುದಿಲ್ಲ. ಸೊಪ್ಪು ಬುಟ್ಟಿಯಲ್ಲಿ ಬಾಡುತ್ತದೆ, ತಮ್ಮ ಪಟ್ಟಿ ಕ್ರಮಬದ್ಧವಾಗಿರುತ್ತದೆ.

ಫೋಟೋ ತೆಗೆಯಲು ಬಂದ ತಮ್ಮ ಸಿಬ್ಬಂದಿಯ ಬಗ್ಗೆ ನಮಗೆ ದೂರಿಲ್ಲ. ಅವರು ಬಹಳ ಸಂಕೋಚದ ಮನುಷ್ಯ. ನನಗೆ ನನ್ನನ್ನೇ ನೋಡಿದಂತಾಯಿತು. ಪಾತ್ರೆಯ ಮುಚ್ಚಳ ತೆಗೆದು ಬಂಗುಡೆಯ ಫೋಟೋ ತೆಗೆಯುವಾಗ ಬೆಳ್ಳಿಯಕ್ಕ, "ಹ್ವಾಯ್, ಬಂಗ್ಡಿ ಮೋರೆ ಆ ಬದಿಗ್ ಇತ್ತ್. ತಿರ್ಗ್ಸಿ ಇಡ್ಲಾ? ಸರ್ಕಾರದ್ ಫೋಟೋ, ಬಾಲ ಬಂದ್ರೆ ಚಂದ ಆತಿಲ್ಲೆ" ಎಂದರು. ತಮ್ಮ ಸಿಬ್ಬಂದಿ ನಗು ತಡೆದುಕೊಂಡ ರೀತಿ ಕಚೇರಿಯ ಘನತೆಗೆ ತಕ್ಕುದಾಗಿತ್ತು. ಹೊರಡುವಾಗ ಬೆಳ್ಳಿಯಕ್ಕ ಅವರ ಬೈಕಿಗೆ ಒಂದು ಕಟ್ಟು ಬಸಳೆ ಸಿಕ್ಕಿಸಿದರು. ಮರುದಿನ ಬುಟ್ಟಿಯಲ್ಲಿ ಮಾವಿನಮಿಡಿ ಉಪ್ಪಿನಕಾಯಿಯ ಒಂದು ಬಾಟಲಿ ಇತ್ತು. ನಮ್ಮ ಓಣಿಯ ಯಾವ ಮನೆಯ ರುಚಿಯೂ ಅದಲ್ಲ. ಯಾರು ಇಟ್ಟರು ಎಂದು ನಾವು ಕೇಳಿಲ್ಲ. ತಾವೂ ಕೇಳಬೇಡಿ.

ನೋಟೀಸು ಬಂದ ದಿನ ಸಂಜೆ ಚಪ್ಪರದ ಕೆಳಗೆ ಸೇರಿದೆವು. ಸಭೆಗೆ ಹೋಗುವ "ಸಂಬಂಧಪಟ್ಟವರು" ಯಾರು ಎಂಬುದೇ ಪ್ರಶ್ನೆ. ಟೀಚರಿಗೆ ಗೌರವಧನದ ಕೆಲಸ. ಮೇಲಿನವರ ಎದುರು ನಿಂತರೆ ನಾಳೆ ಏನು ಬರುತ್ತದೋ ಎಂಬ ಭಯ, ಅದು ನ್ಯಾಯವಾದದ್ದೇ. ಬೆಳ್ಳಿಯಕ್ಕನಿಗೆ ಸಭೆಯ ಹೊತ್ತೂ ಮೀನಿನ ಹೊತ್ತೂ ಒಂದೇ. ಪಾಂಡಣ್ಣ ಎದೆಯುಬ್ಬಿಸಿ, "ಕಂಬ ಹುಗ್ದದ್ ನಾನ್, ಬಲೆ ಕಟ್ದದ್ ನಾನ್. ನಾನೇ ಹೋತೆ" ಎಂದರು.

"ನೀ ಹೋಪುದ್ ಬ್ಯಾಡ" ಎಂದರು ಬೆಳ್ಳಿಯಕ್ಕ. "ನೀ ಹೋಯಿ ಬಾಯಿ ಬಿಟ್ರೆ ಚಪ್ಪರ ಅಲ್ಲ, ಆ ಟ್ಯಾಂಕಿಯೂ ಉಳಿತಿಲ್ಲೆ."

ಪಾಂಡಣ್ಣ ನನ್ನ ಕಡೆ ತಿರುಗುವುದರಲ್ಲಿದ್ದರು. ಬೆಳ್ಳಿಯಕ್ಕ ತಡೆದರು: "ಆ ಹೆಣ್ಣಿಗ್ ಹೇಳ್ಬ್ಯಾಡಿ. ಪಾಪ, ಅದ್ ಬಸ್ಸಂಗೆ ಟಿಕೆಟ್ ಕೇಂಬುಕೂ ಹೆದ್ರತ್ತ್."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಜವೇ ಅದು. ಆಮೇಲೆ ಯಾರೂ ನನ್ನ ಕಡೆ ನೋಡಲಿಲ್ಲ. ಬುಟ್ಟಿಯ ಹತ್ತಿರ ಬಂದವರನ್ನು ನಾವು ಹೇಗೆ ನೋಡದೆ ಇರುತ್ತೇವೋ ಹಾಗೆ. ಮಾತು ಅಲಸಂಡೆಗೆ ಬಿದ್ದ ಹುಳದ ಕಡೆಗೆ ಹೋಯಿತು. ಯಾರು ಹೋಗುವುದು ಎಂಬುದು ಹಾಗೆಯೇ ಉಳಿಯಿತು.

ಆದ್ದರಿಂದ, ಮಾನ್ಯರೇ, ನಮ್ಮ ಬೇಡಿಕೆ ಇಷ್ಟು. ನೋಟೀಸನ್ನು ಹಿಂದಕ್ಕೆ ಪಡೆಯಿರಿ. ಬಸಳೆಗೆ ನೋವಾಗದಂತೆ ಬಿಡಿಸಿಕೊಳ್ಳಬೇಕು, ಕುಡಿ ಎಳೆಯದು. ಪಟ್ಟಿ ಕೇಳಬೇಡಿ, ನಮ್ಮಲ್ಲಿ ಇಲ್ಲ, ಇದ್ದರೂ ಕೊಡುವುದಿಲ್ಲ. ಆ ಜಾಗ ಪಂಚಾಯತಿನದೇ ಆಗಿರಲಿ, ಅಲ್ಲಿ ಬೆಳೆಯುವುದು ನೆರೆಕರೆಯದಾಗಿರಲಿ ಎಂದು ಗ್ರಾಮಸಭೆಯಲ್ಲಿ ಒಂದು ಸಾಲಿನ ನಿರ್ಣಯ ಮಾಡಿಸಿಕೊಡಿ. ಜಿಂಕೆಗಳನ್ನು ತರಿಸಲೇಬೇಕೆಂದಿದ್ದರೆ ಬಸ್ ನಿಲ್ದಾಣದಲ್ಲಿ ನಿಲ್ಲಿಸಬಹುದು, ಅಲ್ಲಿ ಕಾಯುವವರಿಗೆ ಜೊತೆಯಾದೀತು.

ಇನ್ನೊಂದು ಸಣ್ಣ ಕೋರಿಕೆ. ಈ ತೋಟಕ್ಕೆ ಬಂದ ಮೇಲೆ ನಾನು ಆ ಬುಟ್ಟಿಯಿಂದ ಮನೆಗೆ ಬಹಳ ಒಯ್ದಿದ್ದೇನೆ. ಎಲ್ಲರೂ ಅವರವರಲ್ಲಿ ಇದ್ದದ್ದನ್ನು ತಂದಿಟ್ಟರು. ನಾನು ಇಟ್ಟದ್ದು ಹೆಚ್ಚೇನಿಲ್ಲ. ಇದನ್ನು ಬೆಳ್ಳಿಯಕ್ಕನಿಗೂ ಹೇಳಿಲ್ಲ, ಪತ್ರಿಕೆಗೂ ಕಳಿಸಿರುವ ಈ ಪತ್ರವನ್ನು ಪಾಂಡಣ್ಣ ಅದರಲ್ಲಿ ಓದಿ ಹೇಳುವಾಗಲೇ ಅವರಿಗೆ ತಿಳಿಯಲಿ: ಶುಕ್ರವಾರ ಸಭೆಯಲ್ಲಿ "ಸಂಬಂಧಪಟ್ಟವರು ಯಾರು" ಎಂದು ತಾವು ಕೇಳಿದಾಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಲ್ಲುತ್ತಾಳೆ. ಕೈಯಲ್ಲಿ ಹರಿವೆ ತುಂಬಿದ ಬುಟ್ಟಿ ಇರುತ್ತದೆ. ಬುಟ್ಟಿಯನ್ನು ಹೇಗೆ ಹಿಂದೆ ಕಳಿಸಬೇಕೆಂಬುದು ತಮಗೆ ಬಿಟ್ಟದ್ದು. ಅವಳ ದನಿ ಸಣ್ಣದು. ಸಭಾಭವನದ ಫ್ಯಾನುಗಳ ಸದ್ದು ಜೋರು ಎಂದು ಕೇಳಿದ್ದೇನೆ. ಅಷ್ಟು ಹೊತ್ತು ಅವನ್ನು ನಿಲ್ಲಿಸಲು ಹೇಳಿ.

ಇಂತಿ,
ಈವರೆಗೆ ಬಸಳೆಯ ಹಿಂದೆ ಕೂತಿದ್ದ
ಸಂಬಂಧಪಟ್ಟವಳು,
ರಮಿತಾ