ಟಾರ್ಪಾಲಿನ ಗಂಟು

ಮೇ 6, ಸಂಜೆ

ಮತ್ತೆ ದಿಮ್ಮಿಗಳ ಮೇಲೆ ಟಾರ್ಪಾಲು ಹೊದೆಸಿ ಬಂದೆ. ಸೊಂಟ ಬಿದ್ದುಹೋಗಿದೆ. ಬೆಳಗಾದರೆ ಅಕ್ಕ ತೆಗೆದಿರುತ್ತಾಳೆ, ಗೊತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು — ನಮ್ಮಿಬ್ಬರ ಟಿಂಬರ್ ಯಾರ್ಡು ನಡೆಯುವುದೇ ಹೀಗೆ. ಮರಕ್ಕೆ ಗಾಳಿ ಬೇಕು ಅನ್ನುತ್ತಾಳೆ ಅವಳು. ಮಳೆ ಬಿದ್ದರೆ ಎಲ್ಲ ಹಾಳು ಅನ್ನುತ್ತೇನೆ ನಾನು. ಇದಕ್ಕೇ ಜಗಳವಾಗಿ ಮಾತು ನಿಂತಿದೆ. ಒಂದೇ ಅಡುಗೆಮನೆ. ಅವಳು ಬೇಯಿಸಿಡುತ್ತಾಳೆ, ನಾನು ಪಾತ್ರೆ ತೊಳೆಯುತ್ತೇನೆ. 

ಮೇ 9

ದೋಣಿ ಕಟ್ಟುವ ಮೇಸ್ತ್ರಿ ಬಂದಿದ್ದ. ಮರದ ತೇವ ಅಳೆಯುವ ಮೀಟರಿನ ಮುಳ್ಳು ಚುಚ್ಚಿ ನೋಡಿದ. ಮೇಲಿನ ಸಾಲು ಪರವಾಗಿಲ್ಲ, ಅಡಿಯದು ಇನ್ನೂ ಹಸಿ. ಹೋದ ವರ್ಷ ಕಡಿದದ್ದು!

"ಸುಮ್ನೆ ಇಟ್ಕೊಂಡ್ರೆ ಒಣಗಲ್ಲಮ್ಮ. ತಿಂಗಳ ಕೊನೇಲಿ ಬರ್ತೀನಿ. ಆಗ್ಲೂ ಹಸಿ ಇದ್ರೆ ಬೇರೆ ಕಡೆ ನೋಡ್ಕೋತೀನಿ."

ಅವನೂ ಕೈಬಿಟ್ಟರೆ ಗೇಟಿಗೆ ಬೀಗವೇ. ಇನ್ಯಾರು ಬರುತ್ತಾರೆ ನಮ್ಮ ಹತ್ತಿರ? ಅಕ್ಕನಿಗೂ ಗೊತ್ತು. ಆದರೂ ನನ್ನ ಕಡೆ ತಿರುಗಲಿಲ್ಲ.

ಮೇ 17

ಹಗಲೆಲ್ಲ ಒಣಗಾಳಿ. ಕತ್ತಲಾದರೆ ಮಳೆ. ಅಕ್ಕನ ಮಣಿಕಟ್ಟು ಊದಿದೆ. ಕೇಳಬೇಕಿತ್ತು... ಬದಲಿಗೆ ಟಾರ್ಪಾಲಿನ ಹಗ್ಗಕ್ಕೆ ಸಡಿಲ ಗಂಟು ಹಾಕಿ ಬಂದೆ, ತುದಿ ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಅವಳಿಗಾಗಿ ಅಲ್ಲ. ನನಗೂ ಸುಲಭ ಅಂತ — ಸುಳ್ಳು ಯಾಕೆ, ಅವಳಿಗಾಗಿಯೇ.

ಮೇ 30

ಮೇಸ್ತ್ರಿ ಮತ್ತೆ ಮುಳ್ಳು ಚುಚ್ಚಿದ. ಅಡಿಯ ಸಾಲೂ ಒಣಗುತ್ತ ಬಂದಿದೆ!

"ಹಗಲು ತೆಗ್ದು ರಾತ್ರಿ ಮುಚ್ಚೋದು — ಯಾರ್ದಮ್ಮಾ ಈ ಐಡಿಯಾ?"

ಇಬ್ಬರೂ ಗೋಡೆ ನೋಡಿದೆವು.

"ಇನ್ನೊಂದು ವಾರ ಹೀಗೇ ಮಾಡಿ, ಎಲ್ಲಾ ಒಯ್ತೀನಿ. ಮುಚ್ಚಿದ್ದನ್ನ ಬಿಸಿಲಲ್ಲಿ ಹಾಗೇ ಬಿಟ್ರೆ ಮಾತ್ರ ಬೂಷ್ಟು ಹಿಡಿಯತ್ತೆ. ಹುಷಾರು."

ನಮ್ಮ ಜಗಳ ಅವನಿಗೆ ಐಡಿಯಾ! ನಗು ತಡೆದುಕೊಂಡೆ. ಅಕ್ಕ ಕೆಮ್ಮಿದ ಹಾಗೆ ಮಾಡಿದಳು.

ಜೂನ್ 2, ಬೆಳಿಗ್ಗೆ

ನಿನ್ನೆ ಸಂಜೆ ಬಿರುಗಾಳಿ. ಟಾರ್ಪಾಲು ಹಾರಿಹೋದೀತೆಂದು ಕಗ್ಗಂಟು ಬಿಗಿದು ಬಂದಿದ್ದೆ. ಅಕ್ಕನ ಕೈ ನೆನಪೇ ಆಗಲಿಲ್ಲ. ಈಗ ಎದ್ದು ನೋಡಿದರೆ ಚುರುಗುಟ್ಟುವ ಬಿಸಿಲು, ಟಾರ್ಪಾಲು ಹಾಗೇ ಇದೆ. ಓಡಿದೆ. ದಿಮ್ಮಿಗಳ ಪಕ್ಕ ನೆಲದ ಮೇಲೆ ಕೂತಿದ್ದಳು, ಮಣಿಕಟ್ಟು ಹಿಡಿದುಕೊಂಡು.

"ಬಿಚ್ಚಕ್ಕಾಗ್ಲಿಲ್ಲ ಕಣೇ."

ಇಷ್ಟು ದಿನಕ್ಕೆ ಮೊದಲ ಮಾತು. ಚಾಕು ತರುತ್ತೇನೆಂದು ಒಳಗೆ ಬಂದೆ. ಬಂದವಳು ಅಳುತ್ತ ಇದನ್ನು ಬರೆಯುತ್ತ ನಿಂತಿದ್ದೇನೆ, ಹುಚ್ಚಿ. ಹೊರಗಿನಿಂದ ಕೂಗುತ್ತಿದ್ದಾಳೆ — "ಎಲ್ಲಿ ಸತ್ತೆ ಕಣೇ? ಟಾರ್ಪಾಲೊಳಗೆ ಮರ ಬೆವೀತಿದೆ, ಬಾರೇ!"

ಬಂದೆ ಅಕ್ಕಾ —